ಮಂಜು, ಹಸಿರು, ಕಪ್ಪು ಬಿಳುಪು ರೀಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಪ್ಪು ಬಿಳುಪು ರೀಲಿನಲ್ಲಿ, ಅಂದರೆ ಕ್ಯಾಮೆರಾದೊಳಗೆ ಹಾಕುವ ಫಿಲ್ಮಿನಲ್ಲಿ, ಬೆಟ್ಟ, ಕಾಡು, ಗದ್ದೆಗಳ ಚಿತ್ರ ತೆಗೆಯುವವರು ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನವು. ಹಾಗಾಗಿ ಈ ಸಲದ ಅಂಕಣ ಹೆಚ್ಚು ಕಡಿಮೆ ಪೂರ್ತಿ ಕೊಡಗಿನದೇ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ, ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ಸರ್, ಡಿಸೆಂಬರಿನಲ್ಲಿ ಕತ್ತಲಲ್ಲೇ ಎದ್ದು ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಿ 400ರ (ರೀಲು ಬೆಳಕಿಗೆ ಎಷ್ಟು ಚುರುಕು ಎಂಬ ಅಂಕೆ) ಒಂದು ಇಡೀ ರೀಲು ಮುಗಿಸಿದೆ. ಕಣ್ಣಿಗೆ ಅಷ್ಟು ಚೆಂದ ಕಂಡಿದ್ದು ಸ್ಕ್ಯಾನ್ ಮಾಡಿದ ಮೇಲೆ ಬರೀ ಬೂದು. ಬೆಟ್ಟ, ಕಾಡು, ಮಂಜು ಎಲ್ಲ ಒಂದೇ ಥರ. ಸ್ಕ್ಯಾನರ್ ಸರಿಯಿಲ್ಲವಾ, ನಾನು ತೆಗೆದಿದ್ದೇ ಸರಿಯಿಲ್ಲವಾ?
(ಓದುಗರು, ಮಡಿಕೇರಿ)

ಉತ್ತರ: ಸ್ಕ್ಯಾನರ್ ವಿಷಯ ಆಮೇಲೆ. ಮೊದಲು ನೆಗೆಟಿವ್ ಕೈಗೆ ತೆಗೆದುಕೊಂಡು ಕಿಟಕಿ ಹತ್ತಿರ ಹೋಗಿ, ಬಿಳಿ ಆಕಾಶಕ್ಕೆ ಹಿಡಿದು ನೋಡಿ. ಅಂಚಿನಲ್ಲಿ ಕಂಪನಿಯ ಹೆಸರು, ಫ್ರೇಮ್ ನಂಬರು ಇರುತ್ತವಲ್ಲ, ಅವು ಕಡುಕಪ್ಪಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ರೀಲಿಗೆ ಬೆಳಕು ಸಾಕಾಗಿಲ್ಲ. ನಂಬರುಗಳೂ ಪೇಲವವಾಗಿದ್ದರೆ ತೊಳೆಯುವಾಗ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ನಲ್ಲಿ ಇಟ್ಟ ಹೊತ್ತು ಸಾಲಲಿಲ್ಲ ಎಂದು ತಿಳಿಯಿರಿ. ಆ ನಂಬರುಗಳನ್ನು ಕಾರ್ಖಾನೆಯಲ್ಲೇ ಅಳತೆಯ ಬೆಳಕು ಕೊಟ್ಟು ಮೂಡಿಸಿರುತ್ತಾರೆ, ಆದ್ದರಿಂದ ಅವನ್ನು ನಂಬಬಹುದು.

ನನ್ನ ಅಂದಾಜು ಮೊದಲನೆಯದು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ತನ್ನ ಮುಂದೆ ಏನಿದ್ದರೂ ಅದು ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಬಿಳಿ ಮಂಜು ತುಂಬಿದ ಕಣಿವೆ ತೋರಿಸಿದರೆ ಅದನ್ನೂ ಬೂದು ಮಾಡಿಬಿಡುತ್ತದೆ, ಜೊತೆಗೆ ಹತ್ತಿರದ ಮರ, ಹುಲ್ಲು ಕತ್ತಲಿಗೆ ಇಳಿಯುತ್ತವೆ. ಆಮೇಲೆ ಸ್ಕ್ಯಾನರ್ ಆ ತೆಳು ನೆಗೆಟಿವನ್ನು ಹಿಗ್ಗಿಸಿ ಹಿಗ್ಗಿಸಿ ಏನಾದರೂ ಕಾಣಿಸಲು ನೋಡುತ್ತದೆ, ಆಗ ಕಾಡಿನ ಜಾಗದಲ್ಲಿ ರವೆ ಚೆಲ್ಲಿದ ಹಾಗೆ ಗ್ರೇನ್ ಏಳುತ್ತದೆ. ನಾನು ಕೊಡಗಿನಲ್ಲಿ 400ರ ರೀಲಿಗೆ ಮೀಟರನ್ನು 200ಕ್ಕೆ ಇಟ್ಟುಬಿಡುತ್ತೇನೆ. ಅಲ್ಲಿಗೆ ಒಂದು ಸ್ಟಾಪ್, ಅಂದರೆ ಎರಡು ಪಟ್ಟು ಬೆಳಕು, ಸಿಕ್ಕಿತು. ಫ್ರೇಮಿನಲ್ಲಿ ಮುಕ್ಕಾಲು ಪಾಲು ಮಂಜೇ ಇದ್ದರೆ ಇನ್ನರ್ಧ ಸ್ಟಾಪ್ ಕೊಡುತ್ತೇನೆ. ಕಪ್ಪು ಬಿಳುಪು ನೆಗೆಟಿವ್ ಬೆಳಕು ಸ್ವಲ್ಪ ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ತಡೆಯುವುದಿಲ್ಲ. ರೀಲಿನ ಮೇಲೆ ಬೀಳದೇ ಹೋದ ಬೆಳಕನ್ನು ಯಾವ ಸ್ಕ್ಯಾನರೂ ತಂದುಕೊಡಲಾರದು.

ಆದರೆ ನಿಮ್ಮ ಪತ್ರದಲ್ಲಿ "ಎಲ್ಲ ಒಂದೇ ಥರ" ಎಂದಿರಲ್ಲ, ನನಗೆ ಅದೇ ದೊಡ್ಡ ಮಾತು. ಕೊಡಗು ಅಂದರೆ ಹಸಿರು ಅಲ್ವಾ? ಗದ್ದೆಯ ಎಳೆ ಹಸಿರು, ಕಾಫಿ ಗಿಡದ ಕಡು ಹಸಿರು, ಸಿಲ್ವರ್ ಓಕ್‌ನ ಬೂದು ಮಿಶ್ರಿತ ಹಸಿರು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕಲ್ಲಿನ ಮೇಲಿನ ಪಾಚಿ, ಎಲ್ಲವನ್ನೂ ಕಣ್ಣು ಬೇರೆ ಬೇರೆಯಾಗಿಯೇ ನೋಡುತ್ತದೆ. ರೀಲಿಗೆ ಬಣ್ಣ ಗೊತ್ತಿಲ್ಲ, ಬೆಳಕು ಎಷ್ಟು ಬಂತು ಅನ್ನುವುದಷ್ಟೇ ಗೊತ್ತು. ಮೋಡದ ದಿನ ಇಷ್ಟೂ ಹಸಿರು ಹೆಚ್ಚು ಕಡಿಮೆ ಒಂದೇ ಬೂದಾಗಿ ಬಂದು ಕೂರುತ್ತದೆ. ಹಾಗಾಗಿ ಇಲ್ಲಿ ಕಪ್ಪು ಬಿಳುಪು ಚಿತ್ರ ತೆಗೆಯುವುದು ಅಂದರೆ ಹಸಿರನ್ನು ಹಸಿರಿನಿಂದ ಬಿಡಿಸುವ ಕೆಲಸ.

ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡುವುದು ಆ ಮಂಜೇ. ಒಂದು ಬೆಟ್ಟಕ್ಕೂ ಅದರ ಹಿಂದಿನ ಬೆಟ್ಟಕ್ಕೂ ನಡುವೆ ಮಂಜು ತುಂಬಿದಾಗ ಹಿಂದಿನದು ಒಂದು ಮೆಟ್ಟಿಲು ಬೆಳ್ಳಗಾಗುತ್ತದೆ, ಅದರ ಹಿಂದಿನದು ಇನ್ನೊಂದು ಮೆಟ್ಟಿಲು. ಆದರೆ ನೀವು ಮಂಜಿನ ಒಳಗೇ ನಿಂತಿದ್ದರೆ ಏನೂ ಸಿಗುವುದಿಲ್ಲ. ಮಂಜಿನ ಮೇಲೆ ಇಲ್ಲವೇ ಅದರ ಅಂಚಿನಲ್ಲಿ ನಿಲ್ಲಬೇಕು, ಒಡೆಯುವವರೆಗೆ ಕಾಯಬೇಕು. ಮಾಂದಲಪಟ್ಟಿಯಲ್ಲಿ ಜೀಪಿನವರು ಹೊರಡೋಣ ಎಂದು ಅವಸರ ಮಾಡುವ ಹೊತ್ತಿಗೇ ಎಷ್ಟೋ ಸಲ ಮಂಜು ಒಡೆಯುತ್ತದೆ, ಹಾಗಾಗಿ ಕಾಯುವ ಹೊತ್ತನ್ನು ಮೊದಲೇ ಮಾತಾಡಿಕೊಂಡು ಹತ್ತಿ.

ಇನ್ನೊಂದು ಸಹಾಯ ಪಕ್ಕದಿಂದ ಬೀಳುವ ಬಿಸಿಲು. ಮಡಿಕೇರಿಯ ರಾಜಾಸೀಟ್ ಪಶ್ಚಿಮಕ್ಕೆ ನೋಡುತ್ತದೆ, ಬೆಳಿಗ್ಗೆ ಅಲ್ಲಿ ನಿಂತರೆ ಸೂರ್ಯ ನಿಮ್ಮ ಬೆನ್ನ ಹಿಂದೆ. ಕಣಿವೆಯಲ್ಲಿ ಮಂಜಿಲ್ಲದ ದಿನ ಚಿತ್ರ ಚಪ್ಪಟೆಯಾಗಿಯೇ ಬರುತ್ತದೆ, ಅಂಥ ದಿನ ಅಲ್ಲಿ ರೀಲು ಸುಮ್ನೆ ಖರ್ಚು. ತೋಟದ ಒಳಗಾದರೆ ಗಾಳಿಯನ್ನು ಗಮನಿಸಿ. ಸಿಲ್ವರ್ ಓಕ್ ಎಲೆಯ ಕೆಳಭಾಗ ಬೆಳ್ಳಿಯ ಹಾಗೆ ಇರುತ್ತದೆ. ಗಾಳಿ ಬೀಸಿ ಎಲೆಗಳು ಮಗುಚಿಕೊಂಡ ಆ ಎರಡು ಕ್ಷಣ ಇಡೀ ಮರ ಬೆಳ್ಳಗಾಗಿ, ಕೆಳಗಿನ ಕಾಫಿ ಗಿಡಗಳಿಂದ ತಾನೇ ಬೇರೆಯಾಗಿ ನಿಲ್ಲುತ್ತದೆ. ಬೆರಳು ಶಟರ್ ಮೇಲೆ ಇರಲಿ.

ಪ್ರಶ್ನೆ: ಆರೆಂಜ್ ಫಿಲ್ಟರ್ ಹಾಕಿದರೆ ಮಂಜು ಸೀಳಿಕೊಂಡು ದೂರದ ಬೆಟ್ಟ ಕಾಣುತ್ತದೆ ಎಂದು ಯಾರೋ ಹೇಳಿದರು. ಕೋಟೆಬೆಟ್ಟದ ಮೇಲೆ ಹಾಕಿ ನೋಡಿದೆ, ಏನೂ ಕಾಣಲಿಲ್ಲ. ಹಾಗಾದರೆ ಯಾವ ಫಿಲ್ಟರ್ ಕೊಳ್ಳಲಿ?
(ಓದುಗರು, ಸೋಮವಾರಪೇಟೆ)

ಉತ್ತರ: ಅವರು ಹೇಳಿದ್ದು ಅರ್ಧ ಸರಿ. ಬೇಸಿಗೆಯಲ್ಲಿ ದೂರದ ಬೆಟ್ಟಗಳ ಮೇಲೆ ನೀಲಿ ಮಬ್ಬು ಕವಿದಿರುತ್ತದಲ್ಲ, ಅದು ಗಾಳಿಯಲ್ಲಿರುವ ತೀರ ಸಣ್ಣ ಕಣಗಳಿಂದ ಆಗುವುದು. ಅವು ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಆರೆಂಜ್ ಫಿಲ್ಟರ್ ನೀಲಿಯನ್ನು ತಡೆಯುವುದರಿಂದ ಆ ಮಬ್ಬು ಇಳಿದು ಬೆಟ್ಟ ಎದ್ದು ಬರುತ್ತದೆ. ಮಂಜಿನ ಕಥೆ ಬೇರೆ. ಅದು ನೀರಿನ ಹನಿ. ಬೆಳಕಿನ ಅಲೆಗೆ ಹೋಲಿಸಿದರೆ ಆ ಹನಿ ಬಹಳ ದೊಡ್ಡದು, ಎಲ್ಲ ಬಣ್ಣವನ್ನೂ ಒಂದೇ ಸಮ ಚದುರಿಸುತ್ತದೆ. ಮಂಜು ಬೆಳ್ಳಗಿರುವುದೇ ಅದಕ್ಕೆ. ಅದರ ಮುಂದೆ ಯಾವ ಬಣ್ಣದ ಗಾಜೂ ನಡೆಯುವುದಿಲ್ಲ.

ಹಳದಿ ಫಿಲ್ಟರ್ ಸುಮಾರು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, ಆರೆಂಜ್ ಎರಡು, ಕೆಂಪು ಮೂರು. ಕೈಯಲ್ಲಿ ಹಿಡಿಯುವ ಮೀಟರ್ ಬಳಸುವವರು ಇದನ್ನು ನೆನಪಿಟ್ಟು ಕೂಡಿಸಬೇಕು. ಕೆಂಪನ್ನು ಕೊಡಗಿಗೆ ನಾನು ಒಪ್ಪುವುದಿಲ್ಲ. ಆಕಾಶ ಕಪ್ಪಾಗಿ ಮೋಡ ಬೆಳ್ಳಗೆ ಎದ್ದು ಬರುವುದೇನೋ ನಿಜ, ಆದರೆ ಅದು ಹಸಿರನ್ನೂ ತಡೆಯುತ್ತದೆ, ಕಾಡೆಲ್ಲ ಮಸಿ ಬಳಿದ ಹಾಗೆ ಆಗುತ್ತದೆ. ಒಂದೇ ಫಿಲ್ಟರ್‌ಗೆ ದುಡ್ಡಿದ್ದರೆ ಹಳದಿ ಮಿಶ್ರಿತ ಹಸಿರಿನದು ಕೊಳ್ಳಿ. ನಾಟಿ ಮುಗಿದು ಪೈರು ಎದ್ದ ಮೇಲೆ ಗದ್ದೆ ಬಯಲು ಎಷ್ಟು ಚೆಂದ ಇರುತ್ತದೆ, ಆ ಎಳೆ ಹಸಿರನ್ನು ಅದು ಒಂದಿಷ್ಟು ಬೆಳ್ಳಗೆ ಮಾಡಿ ಹಿಂದಿನ ಕಾಡಿನಿಂದ ಬಿಡಿಸಿ ಕೊಡುತ್ತದೆ.

ಎರಡನೆಯದಕ್ಕೂ ದುಡ್ಡಿದ್ದರೆ ಪೋಲರೈಸರ್. ಇದನ್ನು ಬರೀ ಆಕಾಶಕ್ಕೆ ಎಂದುಕೊಂಡವರೇ ಜಾಸ್ತಿ. ಮಳೆ ನಿಂತ ಮೇಲೆ ಕಾಫಿ ತೋಟಕ್ಕೆ ಹೋಗಿ ಒಂದೇ ಒಂದು ಗಿಡವನ್ನು ನೋಡಿ. ಕಾಫಿ ಎಲೆ ಎಣ್ಣೆ ಹಚ್ಚಿದಂತೆ ನುಣುಪು, ಅದರಲ್ಲೂ ಒದ್ದೆಯಾದಾಗ ಪ್ರತಿ ಎಲೆಯೂ ಆಕಾಶದ ಒಂದು ಚೂರನ್ನು ಹೊಳೆಯಿಸುತ್ತದೆ. ಚಿತ್ರದಲ್ಲಿ ಅದು ಸಾವಿರ ಬಿಳಿ ಚುಕ್ಕೆ. ಪೋಲರೈಸರ್ ತಿರುಗಿಸುತ್ತಾ ಹೋದರೆ ಒಂದು ಕಡೆ ಆ ಹೊಳಪು ಆರಿ, ಎಲೆಯ ನರ, ಅಂಚಿನ ಅಲೆ, ಗೊಂಚಲಿನ ಕಾಯಿ ಎಲ್ಲ ಕಾಣಲು ಶುರುವಾಗುತ್ತದೆ. ಇದೂ ಒಂದೂವರೆಯಿಂದ ಎರಡು ಸ್ಟಾಪ್ ತಿನ್ನುತ್ತದೆ, ತೋಟದ ನೆರಳಿನಲ್ಲಿ ಟ್ರೈಪಾಡ್ ಇಲ್ಲದೆ ಆಗುವುದಿಲ್ಲ.

ಪ್ರಶ್ನೆ: ಸರ್, ಮೊದಲ ರೀಲನ್ನು ಒಂದು ಸ್ಟುಡಿಯೋಗೆ ತೊಳೆಯಲು ಕೊಟ್ಟೆ. ಪೂರ್ತಿ ಖಾಲಿ ಬಂದಿದೆ, ಒಂದು ನಂಬರೂ ಇಲ್ಲ. ಕ್ಯಾಮೆರಾ ಹಾಳಾಗಿದೆಯಾ?
(ಕಾಲೇಜು ವಿದ್ಯಾರ್ಥಿ, ಗೋಣಿಕೊಪ್ಪ)

ಉತ್ತರ: ಕ್ಯಾಮೆರಾ ಹಾಳಾಗಿರಲಿಕ್ಕಿಲ್ಲ. ಅಂಚಿನ ನಂಬರೂ ಇಲ್ಲ ಅಂದರೆ ತಪ್ಪು ತೊಳೆಯುವಾಗಲೇ ಆಗಿದೆ. ಬಹುಶಃ ಕಲರ್ ರೀಲಿನ ಯಂತ್ರಕ್ಕೆ, ಅಂದರೆ ಸಿ-41 ರಾಸಾಯನಿಕಕ್ಕೆ ಹಾಕಿದ್ದಾರೆ. ಕಲರ್ ರೀಲಿನಲ್ಲಿ ಕೊನೆಗೆ ಉಳಿಯುವುದು ಬಣ್ಣದ ಡೈ, ಬೆಳ್ಳಿಯನ್ನೆಲ್ಲ ತೆಗೆದುಹಾಕುತ್ತಾರೆ. ನಿಮ್ಮ ರೀಲಿನಲ್ಲಿ ಚಿತ್ರ ಇದ್ದಿದ್ದೇ ಬೆಳ್ಳಿಯಲ್ಲಿ. ಬೆಳ್ಳಿಯ ಜೊತೆ ಚಿತ್ರವೂ ಹೋಯಿತು. ಅದು ಮರಳಿ ಬರುವುದಿಲ್ಲ, ನನಗೂ ಬೇಜಾರಾಯಿತು.

ಇನ್ನು ಮುಂದೆ ಮನೆಯಲ್ಲೇ ತೊಳೆಯಿರಿ. ಒಂದು ಡೆವಲಪಿಂಗ್ ಟ್ಯಾಂಕ್, ರೀಲು ತುಂಬಲು ಬೆಳಕು ನುಗ್ಗದ ಚೀಲ, ಥರ್ಮಾಮೀಟರ್, ಡೆವಲಪರ್, ಮೂಡಿದ ಚಿತ್ರ ಉಳಿಸುವ ಫಿಕ್ಸರ್ ಇದ್ದರೆ ಬಚ್ಚಲುಮನೆಯೇ ಸಾಕು. ಎಚ್‌ಪಿ5 ಪ್ಲಸ್ ಎಂಬ 400ರ ರೀಲಾದರೆ ಐಡಿ-11 ಡೆವಲಪರ್‌ಗೆ ಅಷ್ಟೇ ನೀರು ಸೇರಿಸಿ 20 ಡಿಗ್ರಿಯಲ್ಲಿ 13 ನಿಮಿಷ. ಬಯಲುಸೀಮೆಯವರು ಬೇಸಿಗೆಯಲ್ಲಿ ಐಸ್ ಹಾಕಿ ನೀರು ತಣಿಸಬೇಕು, ನಿಮಗೆ ಆ ತಾಪತ್ರಯ ಕಡಿಮೆ.

ಪ್ರಶ್ನೆ: ಫ್ಲಾಟ್‌ಬೆಡ್ ಸ್ಕ್ಯಾನರ್ ಇದೆ. ಧೂಳು ತೆಗೆಯುವ ಆಯ್ಕೆ ಒತ್ತಿದರೆ ಮರದ ಕೊಂಬೆಗಳೆಲ್ಲ ಕಲಸಿದಂತಾಗುತ್ತವೆ. 6400 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ) ಇಟ್ಟರೂ ಶಾರ್ಪ್ ಬರುವುದಿಲ್ಲ, ಫೈಲ್ ಮಾತ್ರ ದೊಡ್ಡದು. ಗೆಳೆಯರು ಡಿಜಿಟಲ್ ಕ್ಯಾಮೆರಾದಲ್ಲೇ ನೆಗೆಟಿವ್ ಫೋಟೋ ತೆಗೆ ಅನ್ನುತ್ತಾರೆ. ಯಾವುದು ಸರಿ?
(ಓದುಗರು, ವಿರಾಜಪೇಟೆ)

ಉತ್ತರ: ಧೂಳಿನ ಆಯ್ಕೆಯನ್ನು ಈಗಲೇ ತೆಗೆದುಹಾಕಿ. ಅದು ಕೆಲಸ ಮಾಡುವುದು ಇನ್‌ಫ್ರಾರೆಡ್ ಬೆಳಕಿನಲ್ಲಿ. ಕಲರ್ ರೀಲಿನ ಡೈ ಮೂಲಕ ಆ ಬೆಳಕು ಹಾದುಹೋಗುತ್ತದೆ, ಧೂಳು ಮಾತ್ರ ತಡೆಯುತ್ತದೆ, ಹಾಗಾಗಿ ಯಂತ್ರಕ್ಕೆ ಧೂಳು ಎಲ್ಲಿದೆ ಎಂದು ಗೊತ್ತಾಗುತ್ತದೆ. ಕಪ್ಪು ಬಿಳುಪು ರೀಲಿನ ಬೆಳ್ಳಿಯೂ ಇನ್‌ಫ್ರಾರೆಡ್ ತಡೆಯುತ್ತದೆ. ಯಂತ್ರ ನಿಮ್ಮ ಕೊಂಬೆಯನ್ನೇ ಧೂಳು ಎಂದುಕೊಂಡು ಒರೆಸಿಬಿಡುತ್ತದೆ. ಕಲರ್ ರಾಸಾಯನಿಕದಲ್ಲಿ ತೊಳೆಯುವ ಎಕ್ಸ್‌ಪಿ2 ಸೂಪರ್ ಥರದ ಕಪ್ಪು ಬಿಳುಪು ರೀಲಿಗೆ ಮಾತ್ರ ಅದು ನಡೆಯುತ್ತದೆ. ಉಳಿದವರಿಗೆ ರಬ್ಬರ್ ಬ್ಲೋವರ್, ಮೆತ್ತನೆ ಬ್ರಷ್, ಆಮೇಲೆ ಕಂಪ್ಯೂಟರಿನಲ್ಲಿ ಒಂದೊಂದೇ ಚುಕ್ಕೆ ತೆಗೆಯುವ ತಾಳ್ಮೆ.

6400 ಎಂದು ಡಬ್ಬದ ಮೇಲೆ ಬರೆದಿದ್ದರೂ ಸಾಧಾರಣ ಫ್ಲಾಟ್‌ಬೆಡ್‌ಗಳು ನಿಜವಾಗಿ ಬಿಡಿಸಿ ಕೊಡುವ ವಿವರ ಅದಕ್ಕಿಂತ ಎಷ್ಟೋ ಕಡಿಮೆ. 35 ಎಂಎಂ ನೆಗೆಟಿವನ್ನು 2400ರಲ್ಲಿ ಮಾಡಿ. ಸುಮಾರು 3400ಕ್ಕೆ 2270 ಪಿಕ್ಸೆಲ್ ಬರುತ್ತದೆ, 11 ಇಂಚು ಅಗಲದ ಪ್ರಿಂಟ್‌ಗೆ ಧಾರಾಳ ಸಾಕು. ಶಾರ್ಪ್ ಬರದಿರಲು ಇನ್ನೊಂದು ಕಾರಣ ನೆಗೆಟಿವ್ ಹಿಡಿಯುವ ಹೋಲ್ಡರ್‌ನ ಎತ್ತರ. ಈ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವಕ್ಕೆ ತಾವಾಗಿ ಫೋಕಸ್ ಮಾಡಲು ಬರುವುದಿಲ್ಲ. ಹೋಲ್ಡರ್‌ನ ನಾಲ್ಕು ಮೂಲೆಗೆ ಒಂದು ಸುತ್ತು ಟೇಪ್, ಎರಡು ಸುತ್ತು, ಮೂರು ಸುತ್ತು ಹಚ್ಚಿ ಒಂದೇ ಫ್ರೇಮನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಗ್ರೇನ್ ಎಲ್ಲಿ ಚೆನ್ನಾಗಿ ಕಾಣುತ್ತದೋ ಅಲ್ಲಿ ನಿಲ್ಲಿಸಿ. ಒಂದು ಮಧ್ಯಾಹ್ನದ ಕೆಲಸ, ಆಮೇಲೆ ಪೂರ್ತಿ ಆರಾಮ. ಸುರುಳಿಯಾಗಿರುವ ಪಟ್ಟಿಗಳನ್ನು ಕವರಿನಲ್ಲಿ ಹಾಕಿ ದಪ್ಪ ಪುಸ್ತಕದ ಕೆಳಗೆ ಎರಡು ದಿನ ಇಡಿ. ಹೊಳೆಯುವ ಬದಿ ಗಾಜಿಗೆ ತಾಗಿದರೆ ಎಣ್ಣೆ ಬಿದ್ದ ನೀರಿನ ಮೇಲಿನಂಥ ಬಳೆಗಳು ಮೂಡುತ್ತವೆ, ತಾಗದಂತೆ ನೋಡಿಕೊಳ್ಳಿ.

ಸ್ಕ್ಯಾನ್ ಮಾಡುವಾಗ 16 ಬಿಟ್ ಗ್ರೇಸ್ಕೇಲ್ ಆರಿಸಿ, ಆಟೋ ಎಂದಿರುವುದನ್ನೆಲ್ಲ ಬಿಡಿ, ಕಪ್ಪಿನಿಂದ ಬಿಳಿವರೆಗಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂನ ಎರಡೂ ತುದಿಯಲ್ಲಿ ಸ್ವಲ್ಪ ಖಾಲಿ ಜಾಗ ಉಳಿಸಿ. ಚಿತ್ರ ಸಪ್ಪೆಯಾಗಿ ಬರುತ್ತದೆ, ಬರಲಿ. ಉಪ್ಪು ಖಾರ ಆಮೇಲೆ ಕಂಪ್ಯೂಟರಿನಲ್ಲಿ, ಕಪ್ಪು ಬಿಳುಪಿನ ಅಂತರ ತಿದ್ದುವ ಕರ್ವ್‌ನಲ್ಲಿ ಹಾಕೋಣ. ಅಲ್ಲಿ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಮಂಜನ್ನು ಕಾಗದದ ಬಿಳಿಗೆ ಒಯ್ಯಬೇಡಿ. 255 ಪೂರ್ತಿ ಬಿಳಿ ಎಂದಾದರೆ ಮಂಜಿನ ಅತಿ ಬೆಳ್ಳಗಿನ ಜಾಗವೂ 240 ದಾಟದಿರಲಿ. ದಾಟಿದರೆ ಅದು ಮಂಜಾಗಿ ಕಾಣುವುದಿಲ್ಲ, ಚಿತ್ರದಲ್ಲಿ ತೂತು ಬಿದ್ದಂತೆ ಕಾಣುತ್ತದೆ.

ಗೆಳೆಯರು ಹೇಳಿದ್ದೂ ಸರಿಯೇ. ಮ್ಯಾಕ್ರೋ ಲೆನ್ಸ್ ನಿಮ್ಮ ಹತ್ತಿರ ಇದ್ದರೆ 35 ಎಂಎಂಗೆ ನಾನು ಆ ದಾರಿಯನ್ನೇ ಆರಿಸುತ್ತೇನೆ, ಬೇಗ ಆಗುತ್ತದೆ, ಗ್ರೇನ್ ಸ್ಪಷ್ಟವಾಗಿ ಬರುತ್ತದೆ. ಕೆಳಗೆ ಒಳ್ಳೆಯ ಎಲ್‌ಇಡಿ ಲೈಟ್ ಪ್ಯಾನೆಲ್, ಮೇಲೆ ನೆಗೆಟಿವ್, ಅದರ ಮೇಲೆ ಸ್ಟ್ಯಾಂಡಿನಲ್ಲಿ ಕ್ಯಾಮೆರಾ. ಕ್ಯಾಮೆರಾ ಮತ್ತು ನೆಗೆಟಿವ್ ಒಂದಕ್ಕೊಂದು ಸಮಾನಾಂತರ ಇರಬೇಕು, ಇಲ್ಲದಿದ್ದರೆ ಒಂದು ಮೂಲೆ ಮಸುಕು. ಅದನ್ನು ನೋಡಲು ಪ್ಯಾನೆಲ್ ಮೇಲೆ ಒಂದು ಚಿಕ್ಕ ಕನ್ನಡಿ ಇಡಿ. ವ್ಯೂಫೈಂಡರ್‌ನಲ್ಲಿ ನಿಮ್ಮ ಲೆನ್ಸಿನ ಪ್ರತಿಬಿಂಬ ಕಾಣುತ್ತದೆ. ಅದು ಸರಿಯಾಗಿ ನಡುವೆ ಬರುವವರೆಗೆ ಕ್ಯಾಮೆರಾ ವಾಲಿಸಿ, ಬಂದಾಗ ಬಿಗಿ ಮಾಡಿ. ಎಫ್8, ಐಎಸ್‌ಒ 100, ಎರಡು ಸೆಕೆಂಡ್ ಟೈಮರ್, ರಾ ಫೈಲ್. ನೆಗೆಟಿವ್ ಸುತ್ತ ಉಳಿದ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ, ಕೋಣೆಯ ದೀಪ ಆರಿಸಿ.

ಪ್ರಶ್ನೆ: ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಅಬ್ಬಿ ಜಲಪಾತವನ್ನು ನಿಧಾನ ಶಟರ್‌ನಲ್ಲಿ ತೆಗೆಯಬೇಕೆಂದಿದ್ದೇನೆ. ಎಷ್ಟು ಸೆಕೆಂಡ್? ಮಳೆಗಾಲದಲ್ಲಿ ರೀಲು, ಲೆನ್ಸ್ ಹೇಗೆ ಕಾಪಾಡಲಿ?
(ಓದುಗರು, ಕುಶಾಲನಗರ)

ಉತ್ತರ: ನನ್ನ ಇಷ್ಟ ಕಾಲು ಸೆಕೆಂಡ್, ಹೆಚ್ಚೆಂದರೆ ಅರ್ಧ. ಅಬ್ಬಿಯ ನೀರು ಮಳೆಗಾಲದಲ್ಲಿ ಬಂಡೆಗೆ ಬಡಿದು ಒಡೆಯುವ ರಭಸವೇ ಅದರ ಚೆಂದ. ಹತ್ತು ಸೆಕೆಂಡ್ ಕೊಟ್ಟರೆ ಎಲ್ಲ ಹತ್ತಿಯಾಗಿಬಿಡುತ್ತದೆ, ಯಾವ ಜಲಪಾತ ಎಂದೇ ಗೊತ್ತಾಗುವುದಿಲ್ಲ. ಆದರೂ ಉದ್ದದ ಶಟರ್ ಬೇಕು ಎನ್ನುವವರು ಒಂದು ವಿಷಯ ತಿಳಿದಿರಬೇಕು. ಒಂದು ಸೆಕೆಂಡ್ ದಾಟಿದ ಮೇಲೆ ರೀಲಿನ ಚುರುಕು ಇಳಿಯುತ್ತದೆ, ಮೀಟರ್ ಹೇಳಿದ್ದಕ್ಕಿಂತ ಜಾಸ್ತಿ ಹೊತ್ತು ಕೊಡಬೇಕು. ಎಚ್‌ಪಿ5 ಪ್ಲಸ್‌ಗೆ ಮೀಟರ್ 4 ಸೆಕೆಂಡ್ ಎಂದರೆ 6, 10 ಎಂದರೆ 20, 30 ಎಂದರೆ ಹತ್ತಿರ ಹತ್ತಿರ ಒಂದೂವರೆ ನಿಮಿಷ. ತುಂತುರು ನೋಡುವ ಜಾಗದವರೆಗೂ ಹಾರಿ ಬರುತ್ತದೆ. ಹಳೇ ಹತ್ತಿ ಪಂಚೆಯ ನಾಲ್ಕು ತುಂಡು ಒಗೆದು ಜೇಬಿನಲ್ಲಿಟ್ಟುಕೊಳ್ಳಿ, ಪ್ರತಿ ಫ್ರೇಮಿಗೂ ಲೆನ್ಸಿನ ಮುಂದಿರುವ ಫಿಲ್ಟರ್ ಒರೆಸಬೇಕಾಗುತ್ತದೆ.

ತೆಗೆದ ರೀಲನ್ನು ಕ್ಯಾಮೆರಾದಲ್ಲೇ ಮಳೆಗಾಲ ಕಳೆಯಲು ಬಿಡಬೇಡಿ. ತೇವ, ಸೆಕೆ ಎರಡೂ ಸೇರಿ ಒಳಗೆ ಮೂಡಿದ ಚಿತ್ರವನ್ನು ಮಬ್ಬು ಮಾಡುತ್ತವೆ. ಫ್ರಿಜ್‌ನಿಂದ ತೆಗೆದ ಹೊಸ ರೀಲಿನ ಡಬ್ಬವನ್ನು ಒಂದೆರಡು ಗಂಟೆ ಹೊರಗಿಟ್ಟು ಆಮೇಲೆ ಬಿಚ್ಚಿ, ಇಲ್ಲದಿದ್ದರೆ ರೀಲಿನ ಮೇಲೆ ನೀರು ಕೂರುತ್ತದೆ. ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಲೇಬೇಡಿ, ಬೂಸ್ಟು ಅಲ್ಲಿಂದಲೇ ಶುರು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಅದು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸುವುದು, ಇಷ್ಟಾದರೆ ಸಾಕು.

ಪ್ರಶ್ನೆ: ಹೊಸಬರಿಗೆ 35 ಎಂಎಂ ಒಳ್ಳೆಯದಾ, 120 ಎಂಬ ದೊಡ್ಡ ರೀಲು ಒಳ್ಳೆಯದಾ?
(ಓದುಗರು, ಬೆಂಗಳೂರು)

ಉತ್ತರ: 35 ಎಂಎಂ. 36 ಫ್ರೇಮ್ ಸಿಗುತ್ತವೆ, ತಪ್ಪು ಮಾಡಿ ಕಲಿಯಲು ಜಾಗ ಇದೆ. ಚೌಕದ ಕ್ಯಾಮೆರಾದಲ್ಲಿ 120ರ ರೀಲಿಗೆ 12 ಅಷ್ಟೇ. ತಡಿಯಂಡಮೋಳ್ ಬೆಟ್ಟ ಹತ್ತುವಾಗ 35 ಎಂಎಂ ಕ್ಯಾಮೆರಾ ಹೆಗಲಿಗೂ ಹಗುರ.

ಪ್ರಶ್ನೆ: ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಯ ಅಟ್ಟದಲ್ಲಿ ಅಪ್ಪ ತೆಗೆದ ನೆಗೆಟಿವ್‌ಗಳ ಟ್ರಂಕ್ ಸಿಕ್ಕಿತು. ಗದ್ದೆ, ಹೊಳೆ, ಹಳೇ ರಸ್ತೆ ಎಲ್ಲ ಇವೆ. ಕೆಲವು ಡಬ್ಬಗಳ ಮೇಲೆ "ಇಂದು" ಎಂದಿದೆ. ಒಂದು ಕಟ್ಟು ತೆಗೆದರೆ ವಿನೆಗರ್ ವಾಸನೆ. ಕೆಲವು ಒಂದಕ್ಕೊಂದು ಅಂಟಿವೆ, ಕೆಲವಕ್ಕೆ ಬೂಸ್ಟು. ತೊಳೆದು ಸ್ಕ್ಯಾನ್ ಮಾಡಲಾ?
(ಓದುಗರು, ನಾಪೋಕ್ಲು)

ಉತ್ತರ: ಮೇಡಂ, ದಯವಿಟ್ಟು ನೀರು ತಾಗಿಸಬೇಡಿ. ಬೂಸ್ಟು ಹಿಡಿದ ಎಮಲ್ಷನ್, ಅಂದರೆ ಚಿತ್ರ ಕೂತಿರುವ ಪದರ, ಒಳಗಿಂದ ಕೊಳೆತಿರುತ್ತದೆ, ನೀರು ಬಿದ್ದರೆ ಚಿತ್ರವೇ ಕರಗಿ ಬರಬಹುದು. ಒಣ ಮೆತ್ತನೆ ಬ್ರಷ್‌ನಿಂದ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಕೂತು ಮೆಲ್ಲಗೆ ಒರೆಸಿ. ಅಂಟಿಕೊಂಡಿದ್ದನ್ನು ಎಳೆದು ಬಿಡಿಸಬೇಡಿ. ಅವನ್ನು ಹಾಗೇ ಬೇರೆ ಎತ್ತಿಟ್ಟು, ಹಳೆಯ ಚಿತ್ರಗಳ ಸಂರಕ್ಷಣೆ ತಿಳಿದವರಿಗೇ ತೋರಿಸಿ.

"ಇಂದು" ನಮ್ಮ ದೇಶದ್ದೇ ರೀಲು. 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅದನ್ನು ಇಲ್ಲೇ ಊಟಿಯಲ್ಲಿ ಮಾಡುತ್ತಿತ್ತು. ಆ ಡಬ್ಬಗಳನ್ನೂ ಎಸೆಯಬೇಡಿ, ಅವುಗಳ ಮೇಲೆ ಅಪ್ಪ ಏನಾದರೂ ಬರೆದಿರಬಹುದು.

ವಿನೆಗರ್ ವಾಸನೆ ಬರುವುದು ಆ ಪದರವನ್ನು ಹೊತ್ತಿರುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಅಸಿಟೇಟ್ ಬೇಸ್, ಒಡೆಯುತ್ತಿರುವುದರಿಂದ. ಯಾವ ಕಂಪನಿಯ ಅಸಿಟೇಟ್ ರೀಲಿಗಾದರೂ ತೇವ, ಸೆಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಇದು ಆಗಬಹುದು. ಹೊರಬರುವ ಆಮ್ಲ ಉಳಿದ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ. ಆದ್ದರಿಂದ ವಾಸನೆಯ ಕಟ್ಟನ್ನು ಇವತ್ತೇ ಬೇರೆ ಮಾಡಿ, ಗಾಳಿಯಾಡುವ ಕಾಗದದ ಕವರಿನಲ್ಲಿ ಹಾಕಿ, ಅಟ್ಟದಿಂದ ಇಳಿಸಿ ಮನೆಯ ಒಣ, ತಂಪು ಜಾಗದಲ್ಲಿಡಿ. ಸ್ಕ್ಯಾನ್ ಶುರು ಮಾಡುವುದೂ ಅಲ್ಲಿಂದಲೇ, ಚೆನ್ನಾಗಿರುವವು ಕಾಯುತ್ತವೆ. ಅವುಗಳಲ್ಲಿ ಚೌಕದವು ಇದ್ದರೆ 120ರ ನೆಗೆಟಿವ್‌ಗಳು, ನಿಮಗೆ ಖುಷಿ ಕಾದಿದೆ. 2400 ಡಿಪಿಐನಲ್ಲೇ ಒಂದೊಂದು ಬದಿಗೆ 5300 ಪಿಕ್ಸೆಲ್ ಹತ್ತಿರ ಬರುತ್ತದೆ, ಗದ್ದೆಯ ಬದುವಿನ ಮೇಲೆ ನಿಂತವರ ಮುಖವೂ ಕಾಣಬಹುದು.

ಸ್ಕ್ಯಾನ್ ಆದ ಕೂಡಲೇ ಪೋಸ್ಟ್‌ಕಾರ್ಡ್ ಅಳತೆಯ ಸಾದಾ ಪ್ರಿಂಟ್ ಹಾಕಿಸಿ, ಒಕ್ಕದ, ಅಂದರೆ ಮನೆತನದ, ಹಿರಿಯರ ಹತ್ತಿರ ಕೂತು ಒಂದೊಂದೇ ತೋರಿಸಿ. ಇದು ಯಾರ ಗದ್ದೆ, ಈ ಹೊಳೆಗೆ ಆಗ ಸೇತುವೆ ಇತ್ತಾ, ಈ ಮರ ಎಲ್ಲಿತ್ತು ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಪೆನ್ ಬೇಡ, ಶಾಯಿ ತೇವಕ್ಕೆ ಹರಡುತ್ತದೆ.